ತೆಳು ಮಾಡಿದ ಮುಲಾಮು

ಒಂದು ದಿನ ಬೆಳಗ್ಗೆ ಬಟ್ಟೆ ನೆನೆಹಾಕುತ್ತಿದ್ದೆ. ಮೊಣಕೈವರೆಗೂ ನೊರೆ. ಒಳಗಿನಿಂದ ನನ್ನವರು ಕೂಗಿದರು.

"ಬಾರೇ ಇಲ್ಲಿ. ಇವಳ ಅಂಗಿ ಬಿಚ್ಚೋಕೆ ಆಗ್ತಿಲ್ಲ."

ಕೈ ತೊಳೆದು ಓಡಿದೆ. ನಮ್ಮ ಮಗಳು ಪುಟ್ಟಿ ಗೋಡೆಗೆ ಒರಗಿ ನಿಂತಿದ್ದಳು. ನಿದ್ದೆಯಲ್ಲಿ ಮೊಣಕೈಯ ಒಳಮಡಿಕೆಯನ್ನು ಕೆರೆದುಕೊಂಡು ಗಾಯವಾಗಿತ್ತು. ಅದರಿಂದ ಒಸರಿದ ನೀರು ಒಣಗಿ ಅಂಗಿಯ ತೋಳು ಚರ್ಮಕ್ಕೇ ಹತ್ತಿಕೊಂಡಿತ್ತು. ಉಗುರುಬೆಚ್ಚಗಿನ ನೀರು ಹಾಕಿ ಮೆಲ್ಲಗೆ ಬಿಡಿಸಿದೆ. ಅವಳು ಅಳಲಿಲ್ಲ. ಅತ್ತಿದ್ದರೇ ವಾಸಿಯಿತ್ತು ಅನ್ನಿಸಿತು.

ಪುಟ್ಟಿಗೆ ಇಸುಬು. ಡಾಕ್ಟರು ಎಕ್ಸಿಮಾ ಅನ್ನುತ್ತಾರೆ. ಶಾಲೆಯಲ್ಲಿ ಕೈ ಹಿಡಿದು ಸಾಲು ಮಾಡುವಾಗ ಪಕ್ಕದ ಮಕ್ಕಳು ಅವಳ ತೋಳಿನ ಬಟ್ಟೆಯನ್ನಷ್ಟೇ ಹಿಡಿಯುತ್ತಾರಂತೆ. ಅದನ್ನು ನನಗೆ ಹೇಳಿದ್ದು ಅವಳಲ್ಲ, ಟೀಚರ್. ಮನೆಯಲ್ಲೂ ಅವಳು ಚಾಪೆಯ ತುದಿಯಲ್ಲೇ ಕೂರುತ್ತಾಳೆ. ತನ್ನ ಟವೆಲ್ಲನ್ನು ತಾನೇ ಬೇರೆ ಮೊಳೆಗೆ ಹಾಕಿಕೊಂಡಿದ್ದಾಳೆ. ಅಂಬೆಗಾಲಿಡುವ ತಮ್ಮ ಅವಳತ್ತ ಹೋದರೆ ಎದ್ದು ಬಾಗಿಲಾಚೆ ನಿಲ್ಲುತ್ತಾಳೆ. ಅವನನ್ನು ಒಮ್ಮೆಯೂ ಎತ್ತಿಕೊಂಡಿಲ್ಲ.

"ತಮ್ಮ ಹುಟ್ಟಿದ ಅಂತ ಹೊಟ್ಟೆಕಿಚ್ಚು. ಸರಿಹೋಗ್ತಾಳೆ ಬಿಡು," ಎಂದರು ಎದುರುಮನೆ ಚಿಕ್ಕಮ್ಮ.

ನನಗೆ ಹಾಗನ್ನಿಸಲಿಲ್ಲ. ಕೇಳಿದರೆ ಪುಟ್ಟಿ "ಏನಿಲ್ಲಮ್ಮ" ಎಂದು ಎದ್ದುಹೋಗುತ್ತಿದ್ದಳು. ಸಣ್ಣ ಮನೆ ನಮ್ಮದು, ಕೈ ಚಾಚಿದರೆ ಒಬ್ಬರಿಗೊಬ್ಬರು ಸಿಗುತ್ತೇವೆ. ಅಷ್ಟರಲ್ಲೇ ಮಗು ನಮ್ಮಿಂದ ದೂರವಾಗುತ್ತಿತ್ತು.

ಅಂಗಿ ಬಿಡಿಸಿದ ಮೇಲೆ ನನ್ನವರನ್ನು ಕೇಳಿದೆ. "ಡಾಕ್ಟರು ಕೊಟ್ಟ ಟ್ಯೂಬು ದಿನಾ ಹಚ್ಚುತ್ತಲೇ ಇದ್ದೀರಲ್ಲ ರೀ, ಯಾಕೆ ಕಡಿಮೆ ಆಗ್ತಿಲ್ಲ?"

ಅವರು ಕಪಾಟಿನಿಂದ ಒಂದು ದೊಡ್ಡ ಡಬ್ಬಿ ತೆಗೆದರು. ಒಣಚರ್ಮಕ್ಕೆ ಹಚ್ಚುವ ಮುಲಾಮಿನ ಡಬ್ಬಿ. ಅದರೊಳಗೆ ಟ್ಯೂಬಿನದನ್ನು ಒಂಚೂರು ಹಿಂಡಿ, ಕಡ್ಡಿಯಿಂದ ಕಲಸಿಟ್ಟಿದ್ದರು. ಅವರು ಪೇಂಟರ್. ಗಟ್ಟಿ ಬಣ್ಣಕ್ಕೆ ಥಿನ್ನರ್ ಬೆರೆಸದೆ ಬ್ರಷ್ ಅದ್ದುವವರಲ್ಲ.

"ಸ್ಟೀರಾಯ್ಡ್ ಕಣೇ ಅದು. ಹಾಗೇ ಬಳಿದ್ರೆ ಚರ್ಮ ಸುಲಿದು ಬರುತ್ತೆ. ಅದಕ್ಕೇ ತೆಳು ಮಾಡಿದೀನಿ."

"ಯಾವಾಗಿಂದ?"

"ತಂದಾಗಿಂದ."

ಆವತ್ತು ಅವರು ಕೆಲಸಕ್ಕೆ ಹೋಗಲಿಲ್ಲ. ಪಾಪುವನ್ನು ಚಿಕ್ಕಮ್ಮನ ಬಳಿ ಬಿಟ್ಟು, ಟ್ಯೂಬು, ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರು ಗಾಯ ನೋಡಿ, ಕೀವು ತುಂಬಿಲ್ಲ, ಅದೇ ಟ್ಯೂಬು ಹಚ್ಚಿ ಎಂದರು. ಹಚ್ಚುವ ಬಗೆ ತೋರಿಸಲು ಕೂತ ನರ್ಸಮ್ಮ, ಪೇಂಟರಾದ ನನ್ನವರು ಅದನ್ನು ತೆಳು ಮಾಡಿದ್ದನ್ನು ನನ್ನಿಂದ ಕೇಳಿ, ಡಬ್ಬಿಯ ಮುಚ್ಚಳ ತೆಗೆದು ನೋಡಿ ನಕ್ಕರು.

"ಗೋಡೆ ಲೆಕ್ಕಾನೇ ಮಗಳಿಗೂ ಹಾಕಿದ್ರಾ?"

"ನಗಬೇಡಿ ಸಿಸ್ಟರ್. ನನ್ನ ಜೊತೆ ಕೆಲಸ ಮಾಡೋನ ಹೆಂಡತಿ ಇಂಥದ್ದೇ ಹಚ್ಚಿ, ಈಗ ಮುಖದ ಚರ್ಮ ತೆಳ್ಳಗಾಗಿ ಬಿಸಿಲಿಗೆ ಬರೋ ಹಾಗಿಲ್ಲ."

ನರ್ಸಮ್ಮ ನಗು ನಿಲ್ಲಿಸಿದರು. "ನಿಮ್ಮ ಹೆದರಿಕೆ ಸುಳ್ಳಲ್ಲ. ಆಕೆ ಯಾರನ್ನ ಕೇಳಿ ಹಚ್ಚಿದ್ರು?"

"ಯಾರನ್ನೂ ಇಲ್ಲ. ಬೆಳ್ಳಗಾಗಲಿ ಅಂತ ಅಂಗಡಿಯಿಂದ ತಂದು ವರ್ಷಗಟ್ಟಲೆ."

"ಎಡವಟ್ಟಾಗಿರೋದು ಅಲ್ಲೇ. ಮಗಳಿಗೆ ಕೊಟ್ಟಿರೋದು ಅವಳ ವಯಸ್ಸು, ಇಸುಬು ಇರೋ ಜಾಗ ನೋಡಿ ಆರಿಸಿದ ಔಷಧಿ. ತೆಳು ಮಾಡಿದ್ರೆ ಉರಿ ಆರಲ್ಲ. ಕಡಿತ ನಿಲ್ಲಲ್ಲ. ಪಾಪ, ಅವಳು ಕೆರೆದುಕೊಳ್ತಾನೇ ಇರ್ತಾಳೆ."

ನನ್ನ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಮುಲಾಮು ಹಿಂಡಿದರು. "ಇಷ್ಟು, ಬೆರಳೂ ಸೇರಿ ನಿಮ್ಮ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಕೆಂಪಾಗಿ ಕಡಿಯೋ ಕಡೆ ಮಾತ್ರ, ದಿನಕ್ಕೊಂದು ಸಲ."

"ಎಷ್ಟು ಕೋಟು?" ಎಂದರು ನನ್ನವರು.

"ಒಂದೇ ಕೋಟು, ಮೇಸ್ತ್ರಿ."

ಪುಟ್ಟಿಯ ತುಟಿಯಂಚು ಸ್ವಲ್ಪ ಅರಳಿತು.

"ಸ್ವಲ್ಪ ಮಾಸಿತು ಅಂತ ನಡುವೆ ಬಿಡಬೇಡಿ. ಕಡಿತ, ಒರಟು ಹೋಗಿ ಚರ್ಮ ನುಣ್ಣಗಾಗೋವರೆಗೆ ಹಚ್ಚಿ, ಆಮೇಲೆ ನಿಲ್ಲಿಸಿ. ಡಾಕ್ಟರು ಹೇಳಿದ ದಿನ ಮುಗಿದ್ರೂ ಹೋಗದಿದ್ರೆ ಬಂದು ತೋರಿಸಿ. ಡಬ್ಬಿ ಮುಲಾಮು ಹೊಸದು ತಗೊಳ್ಳಿ, ಇದನ್ನ ಎಸೆದುಬಿಡಿ. ಅದು ಬರೀ ಚರ್ಮ ಒಣಗದಿರೋಕೆ. ಇಸುಬು ಇದ್ರೂ ಇಲ್ಲದಿದ್ರೂ ಮೈಗೆಲ್ಲ ಧಾರಾಳವಾಗಿ ಹಚ್ಚಿ. ಎರಡರ ನಡುವೆ ಅರ್ಧ ಗಂಟೆ ಬಿಟ್ಟರೆ ಸಾಕು."

ಆವತ್ತು ರಾತ್ರಿ ನನ್ನವರು ನನ್ನ ಬೆರಳ ಮೇಲೆ ಅಳೆದುಕೊಂಡು, ತೆಳು ಮಾಡದೆ ಹಚ್ಚಿದರು. ಆಮೇಲೂ ಅದು ಅವರದೇ ಕೆಲಸ. ದಿನ ಕಳೆದ ಹಾಗೆ ಪುಟ್ಟಿಯ ಹಾಸಿಗೆಯಲ್ಲಿ ರಕ್ತದ ಚುಕ್ಕೆ ನಿಂತಿತು. ಮೊಣಕೈಯ ಚರ್ಮ ಮೆತ್ತಗಾಯಿತು. ಚಾಪೆಯ ತುದಿಯನ್ನು ಮಾತ್ರ ಅವಳು ಬಿಡಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ತಂಗಿಯರೇ, ಮನೆಯಲ್ಲಿ ಯಾರಿಗಾದರೂ ಇಸುಬಿದ್ದರೆ ಡಾಕ್ಟರಿಗೆ ತೋರಿಸಿ. ಅವರು ಕೊಟ್ಟ ಮುಲಾಮನ್ನು ಹೆದರಿ ಕಡಿಮೆ ಮಾಡಬೇಡಿ, ಅವಸರಕ್ಕೆ ಹೆಚ್ಚು ಮಾಡಬೇಡಿ. ಅಂಗಡಿಯಿಂದ ನೀವೇ ಕೊಂಡು ಹಚ್ಚಬೇಡಿ. ಒಬ್ಬರದನ್ನು ಇನ್ನೊಬ್ಬರಿಗೆ ಕೊಡಬೇಡಿ. ಡಾಕ್ಟರು ಹೇಳದೆ ಮುಖಕ್ಕೆ ಮುಟ್ಟಿಸಬೇಡಿ. ಕೀವು, ನೀರುಗುಳ್ಳೆ, ಜ್ವರ ಕಂಡರೆ ಆವತ್ತೇ ಹೊರಡಿ. ಇನ್ನೊಂದು ಮಾತು. ಇಸುಬು ಅಂಟುವ ಕಾಯಿಲೆಯಲ್ಲ. ಇದನ್ನು ನೆರೆಯವರಿಗೆ ಹೇಳಿ, ಶಾಲೆಗೆ ಹೇಳಿ. ಎಲ್ಲರಿಗಿಂತ ಮೊದಲು ಮಗುವನ್ನು ಹತ್ತಿರ ಕೂರಿಸಿಕೊಂಡು ಬಾಯಿಬಿಟ್ಟು ಹೇಳಿ.

ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ನಿನ್ನೆ ಸಂಜೆ ಒಣಗಿದ ಬಟ್ಟೆ ಮಡಚುತ್ತಾ ಅವಳ ಪಕ್ಕ ಕೂತೆ. ಅವಳ ಮೊಣಕೈಯ ಒಳಗಿನ ಹೊಸ ಚರ್ಮಕ್ಕೆ ನನ್ನ ಕೆನ್ನೆ ಒತ್ತಿದೆ. ಪುಟ್ಟಿ ಸರಕ್ಕನೆ ಕೈ ಎಳೆದುಕೊಂಡಳು. ನನ್ನ ಕೆನ್ನೆ ಕೆಂಪಾಗುತ್ತದೋ ಎಂದು ಬಗ್ಗಿ ನೋಡಿದಳು.

"ಅಮ್ಮ, ನಾನು ಮುಟ್ಟಿದ್ರೆ ಪಾಪುಗೂ ಬರುತ್ತಾ?"