ಚಕ್ರಕ್ಕೆ ಹಚ್ಚಿದ ಕುಂಕುಮ

ಜಪಾನಿಗೆ ಬಂದ ಮೇಲೆ ಹಬ್ಬಗಳೆಲ್ಲ ಭಾನುವಾರಕ್ಕೇ ಬೀಳತೊಡಗಿದ್ದವು. ಎರಡು ಸಾವಿರದ ಇಸವಿಯ ಆಯುಧಪೂಜೆಯೂ ಹಾಗೆಯೇ ತಿಥಿ ಕಳೆದ ಮೇಲೆ, ಶ್ರೀನಾಥನಿದ್ದ ಉರಯಾಸು ಊರಿನ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದಲ್ಲಿ ನಡೆಯಿತು. ಅವನಿಗೆ ತನ್ನದೆನ್ನುವ ವಾಹನವಿರಲಿಲ್ಲ. ಅಲ್ಲಿದ್ದದ್ದು ಕುರೋದಾನ ನೀಲಿ ಸ್ಪೋರ್ಟ್ಸ್ ಕಾರು.

ಕುರೋದಾ ಶಿನಾಗಾವಾದ ಕಂಪನಿಯೊಂದರಲ್ಲಿ ವಿಭಾಗದ ಮುಖ್ಯಸ್ಥ. ಶ್ರೀನಾಥ ದಿನವೂ ಅಲ್ಲಿ ಕೂರುತ್ತಿದ್ದನಾದರೂ ಅಲ್ಲಿಯವನಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಅವನನ್ನು ಕುರ್ಚಿ ಮೇಜಿನಂತೆ ಬಾಡಿಗೆಗೆ ಕೊಟ್ಟಿತ್ತು. ಬಾಡಿಗೆ ಮುಂದುವರಿಯುವುದು ಮಂಗಳವಾರ ಕುರೋದಾ ಆಡುವ ಒಂದು ಮಾತಿನಲ್ಲಿತ್ತು. ಬೇಡವೆಂದನೋ, ವೀಸಾ ಇಲ್ಲ, ಮನೆ ಇಲ್ಲ, ಬಸುರಿ ಹೆಂಡತಿ ಚಾಮುಂಡೇಶ್ವರಿ ಹೆರಿಗೆಗೆ ಹೆಸರು ಬರೆಸಿದ್ದ ಆಸ್ಪತ್ರೆಯೂ ಇಲ್ಲ. ಅದಕ್ಕಾಗಿಯೇ ಶ್ರೀನಾಥ ತನ್ನ ಭಾನುವಾರಗಳನ್ನು ಈ ಕಾರಿಗೆ ಒಪ್ಪಿಸಿದ್ದ. ಹಳೆಯ ಬ್ರೇಕು ಕಿತ್ತು, ರೇಸು ಕಾರುಗಳ ದೊಡ್ಡ ಡಿಸ್ಕು, ಅದನ್ನು ಕಚ್ಚಿ ಹಿಡಿಯುವ ಹೊಸ ಪ್ಯಾಡು ಕೂಡಿಸುವುದು ಕುರೋದಾನ ಹವ್ಯಾಸ. ಪೆಡಲು ತುಳಿಯುವುದು ಶ್ರೀನಾಥನ ಪಾಲು. "ಒತ್ತಿ. ಹಿಡಿಯಿರಿ. ಬಿಡಿ," ಎಂದು ಚಕ್ರದ ಬದಿಯಿಂದ ಅಪ್ಪಣೆ ಬರುತ್ತಿತ್ತು. ಬ್ರೇಕಿನ ಪೈಪಿನೊಳಗಿನ ಗಾಳಿಯೆಲ್ಲ ಹೊರಹೋಗುವ ತನಕ ಶ್ರೀನಾಥ ಒತ್ತಿದ, ಹಿಡಿದ, ಬಿಟ್ಟ. ಇದು ಯಾವ ಕರಾರಿನಲ್ಲೂ ಇರಲಿಲ್ಲ. ಕರಾರಿನಲ್ಲಿಲ್ಲದ ಚಾಕರಿಗೆ ಸ್ನೇಹವೆಂದು ಹೆಸರು.

ಚಾಮುಂಡೇಶ್ವರಿ ಪೂಜೆ ಮಾಡುತ್ತೇನೆಂದಾಗ ಕುರೋದಾ ಖುಷಿಯಿಂದಲೇ ಒಪ್ಪಿದ. ಬಾನೆಟ್ಟಿನ ಮೇಲಿನ ಸೇವಂತಿಗೆಯ ಫೋಟೊ ತೆಗೆದ, ಸಿಗರೇಟು ತರಲು ಮೂಲೆಯ ಕೊಂಬಿನಿ ಅಂಗಡಿಗೆ ಹೋದ. ಶ್ರೀನಾಥ ಕೈ ತೊಳೆಯಲು ಮನೆಗೆ ಹೋದ. ಕಾರಿನ ಬಳಿ ಅವಳೊಬ್ಬಳೇ ಉಳಿದಳು. ಆಮೇಲೆ ಚಕ್ರದಡಿ ನಿಂಬೆಹಣ್ಣು ಚಪ್ಪಟೆಯಾಯಿತು, ಗಂಡಸರಿಬ್ಬರನ್ನು ಹೊತ್ತು ಕಾರು ಗುಡ್ಡದ ಹಾದಿ ಹಿಡಿಯಿತು.

ದಾರಿಯುದ್ದಕ್ಕೂ ಬ್ರೇಕು ಯಾಕೋ ಮಂದವಾಗಿತ್ತು. "ಹೊಸ ಪ್ಯಾಡು ಮೊದಲು ಹೀಗೇ. ಇಳಿಜಾರಿನಲ್ಲಿ ನಾಲ್ಕು ಸಲ ಜೋರಾಗಿ ಹಿಡಿದರೆ ಡಿಸ್ಕಿಗೆ ಒಗ್ಗುತ್ತದೆ," ಎಂದ ಕುರೋದಾ. ಕಾರು ಕ್ಲಬ್ಬಿನ ಗೆಳೆಯರು ಗುಡ್ಡದಾಚೆ ಕೆಳಗೆ ಕಾಯುತ್ತಿದ್ದರು, ಈ ಬ್ರೇಕು ನೋಡಲೆಂದೇ.

ಗುಡ್ಡದ ತುದಿಯಲ್ಲಿ ಕಾರು ನಿಲ್ಲಿಸಿ, ಸಿಗರೇಟು ಹಚ್ಚಲು ಕುರೋದಾ ಇಳಿದ. ರೇಸಿನ ಸೀಟಿನಲ್ಲಿ ಎರಡು ಭುಜಕ್ಕೆ, ಸೊಂಟಕ್ಕೆ ಪಟ್ಟಿ ಬಿಗಿಸಿಕೊಂಡು ಶ್ರೀನಾಥ ಒಳಗೇ ಕೂತಿದ್ದ. ಪಟ್ಟಿ ಕಟ್ಟಿದವನು ಕುರೋದಾ. ಬಿಚ್ಚುವುದು ಹೇಗೆಂದು ಇವನಿಗೆ ತಿಳಿಯದು. ಫೋನು ಬಂತು.

"ರೀ, ತಲುಪಿದ್ರಾ? ನಿಮ್ ಬಾಸು ಖುಷಿಯಾಗಿದಾನಾ?"

"ಹ್ಞೂಂ. ಇಡ್ತೀನಿ."

"ತಾಳಿ ಅಂದ್ರೆ. ಚಕ್ರದೊಳಗೆ ಬೆಳ್ಳಿ ತಟ್ಟೆ ಥರ ಹೊಳೀತಿತ್ತಲ್ಲ, ನೀವು ಹೊಸದಾಗಿ ಹಾಕಿದ್ದು? ಅದೇ ಅಲ್ವಾ ಆಯುಧ? ನಾಲ್ಕಕ್ಕೂ ಕುಂಕುಮ ಹಚ್ಚಿದೀನಿ. ಮಂಗಳವಾರ ಎಲ್ಲ ಒಳ್ಳೇದೇ ಆಗತ್ತೆ, ನೋಡ್ತಿರಿ."

"ನೀರಲ್ಲಿ ಕಲಸಿದ್ಯಾ?"

"ನೀರಾದ್ರೆ ಉದುರಿ ಹೋಗಲ್ವಾ? ಕೊಬ್ಬರಿ ಎಣ್ಣೆ. ಧಾರಾಳವಾಗೇ ಹಚ್ಚಿದೀನಿ, ನಮ್ಮನೇಲೇನು ಬರಗಾಲಾನಾ?"

ಬ್ರೇಕು ಮಂದವಾದದ್ದು ಹೊಸತನದಿಂದಲ್ಲ. ತಿರುಗುವ ಡಿಸ್ಕು ಎಣ್ಣೆಯನ್ನೆಲ್ಲ ಪ್ಯಾಡಿಗೆ ಉಣ್ಣಿಸಿತ್ತು.

ಹೇಳಿಬಿಡಬೇಕು. ಆದರೆ ಹೇಗೆ? ಹೋದ ತಿಂಗಳು ಪ್ರೋಗ್ರಾಮಿನ ತಪ್ಪೊಂದನ್ನು ನೇರವಾಗಿ ಹೇಳಿದಾಗ ಇದೇ ಕುರೋದಾ ನಗುನಗುತ್ತಲೇ, "ಕೆಟ್ಟ ಸುದ್ದಿ ನಿಮ್ಮ ಲೀಡರ್ ಮೂಲಕ ಬರಲಿ," ಎಂದಿದ್ದ. ಲೀಡರ್ ಅನಂತಮೂರ್ತಿ ಆ ಸಂಜೆ ಇವನ ನೀರಿಳಿಸಿದ್ದ. ಬಾಡಿಗೆಯ ಕುರ್ಚಿಗೆ ಬಾಯಿಯಿಲ್ಲವೆಂಬುದು ಇವನ ಎಲುಬಿಗೇ ಇಳಿದಿತ್ತು. ಬೆಟ್ಟದ ತುದಿಯಲ್ಲಿ, ಪ್ರಾಣದ ವಿಷಯಕ್ಕೂ, ಅವನು ಅನಂತಮೂರ್ತಿಗೇ ಫೋನು ಮಾಡಿದ.

"ಏನ್ರೀ ಶ್ರೀನಾಥ್, ಸಂಡೇನೂ ಬಿಡಲ್ವಲ್ರೀ ನೀವು!"

"ಸಾರ್, ಕುರೋದಾ-ಸಾನ್ ಕಾರಿನ ಬ್ರೇಕಿಗೆ ಎಣ್ಣೆ ಬಿದ್ದಿದೆ. ನಮ್ಮನೆಯವಳೇ ಗೊತ್ತಿಲ್ದೆ ಹಚ್ಚಿದಾಳೆ. ಈಗ ಘಾಟ್ ಇಳೀತಾರಂತೆ. ಹೇಳಬಹುದಾ?"

ಆ ಕಡೆ ಟೀವಿಯ ಸದ್ದು ತಗ್ಗಿತು. "ನಿಮ್ ಮಿಸೆಸ್ಸಾ? ಅಯ್ಯೋ, ಸುಮ್ನಿರಿ ಮಾರಾಯ್ರೇ! ಟ್ಯೂಸ್‌ಡೇ ರಿನ್ಯೂವಲ್ ಇದೆ. ನಿಮ್ದೊಂದೇ ಅಲ್ಲ, ಇಡೀ ಟೀಮ್‌ದು. ಒಂದು ಮೇಲ್ ಹಾಕಿ, ನಾಳೆ ನಾನು ಮೇಲಿನವರಿಗೆ ಎಸ್ಕಲೇಟ್ ಮಾಡ್ತೀನಿ."

"ನಾಳೆ ಅಂದ್ರೆ, ಸಾರ್, ಇವತ್ತು ಇಳಿಯೋದು..."

"ಹೆಂಗೂ ಸ್ಲೋ ಆಗಿ ಓಡಿಸ್ತಾನೆ ಬಿಡ್ರೀ, ಜಪಾನೀಸ್ ಅಲ್ವಾ." ಫೋನು ಕಟ್ಟಾಯಿತು.

ಕುರೋದಾ ಬಂದು ಕೂತ. "ಮನೆಯಿಂದ ಫೋನೇ?"

"ಹೌದು. ಊಟಕ್ಕೆ ಬೇಗ ಬರಬೇಕಂತೆ," ಎಂದ ಶ್ರೀನಾಥ. ಸುಳ್ಳು ಎಷ್ಟು ಸಲೀಸಾಗಿ ಹೊರಬಂತೆಂದರೆ, ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಎಂಜಿನು ಗುಡುಗಿತು. ಕಾರು ಪಾರ್ಕಿಂಗ್ ಜಾಗದ ಹೊರದಾರಿಯತ್ತ ಹೊರಟಿತು. ಮುಂದೆ ರಸ್ತೆ ಕಡಿದಾಗಿ ಇಳಿದಿತ್ತು, ಬೇಲಿಯ ಆಚೆ ಬರಿಯ ಗಾಳಿ.

"ನಿಲ್ಲಿಸಿ! ಕುರೋದಾ-ಸಾನ್, ನಿಲ್ಲಿಸಿ!"

ಕುರೋದಾ ತುಳಿದ. ನಡಿಗೆಯ ವೇಗದಲ್ಲಿದ್ದ ಕಾರು ಬಿಳಿ ಗೆರೆ ದಾಟಿ, ಮೂತಿಯನ್ನು ರಸ್ತೆಗೆ ಚಾಚಿ ನಿಂತಿತು. ಶ್ರೀನಾಥ ಎಲ್ಲವನ್ನೂ ಹೇಳಿದ, ಕುಂಕುಮ, ಎಣ್ಣೆ, ಅನಂತಮೂರ್ತಿಯ ಮಾತು ಸಹ. ಕುರೋದಾ ಎಂಜಿನು ಆರಿಸದೆ ಇಳಿದು ಮುಂದಿನ ಚಕ್ರದೆದುರು ಕುಕ್ಕರಗಾಲಿನಲ್ಲಿ ಕೂತ. ಡಿಸ್ಕಿನ ಅಂಚು ಸವರಿದ ಬೆರಳು ಕೆಂಪಾಯಿತು.

"ಒರೆಸಿದರೆ ಸಾಕು," ಎಂದ, ಜೇಬಿನಿಂದ ಟಿಶ್ಯೂ ತೆಗೆಯುತ್ತ. "ನಿಧಾನ ಇಳಿಯೋಣ."

"ಪ್ಯಾಡು ಎಣ್ಣೆ ಕುಡಿದಿದೆ. ಒರೆಸಿದರೆ ಹೋಗುವುದಿಲ್ಲ. ಕಾರು ಹೊತ್ತೊಯ್ಯುವ ಲಾರಿ ಕರೆಸಿ."

"ಲಾರಿಯ ಮೇಲೆ? ಗೆಳೆಯರೆಲ್ಲ ಕೆಳಗಿದ್ದಾರೆ." ಕುರೋದಾನ ದನಿ ಏರಲಿಲ್ಲ. "ಶ್ರೀನಾಥ-ಸಾನ್, ಮಂಗಳವಾರ ನಾವು ಮಾತಾಡುವುದಿದೆ."

ಇಷ್ಟು ನಯವಾಗಿ ಕತ್ತು ಹಿಸುಕುವ ಕೈಗೆ ಬೆರಳಚ್ಚು ಇರುವುದಿಲ್ಲ. ಶ್ರೀನಾಥ ಹೊಟ್ಟೆಯ ಮೇಲೆ ಪಟ್ಟಿಗಳು ಕೂಡುವ ಬಿಲ್ಲೆಯನ್ನು ಒತ್ತಿದ, ಎಳೆದ, ಕೊನೆಗೆ ತಿರುಗಿಸಿದ. ಪಟ್ಟಿಗಳೆಲ್ಲ ಒಟ್ಟಿಗೇ ಬಿಟ್ಟುಕೊಂಡವು. ಚಾಲಕನ ಸೀಟಿನ ಮೇಲೆ ಬಗ್ಗಿ ಬೀಗದಕೈ ಕಿತ್ತುಕೊಂಡ. ಎಂಜಿನು ಸತ್ತಿತು. ಅವನು ಇಳಿದು ಕಾರಿನ ಮುಂದೆ, ಇಳಿಜಾರಿನ ಕಡೆ ಬೆನ್ನು ಮಾಡಿ ನಿಂತ.

ಕುರೋದಾ ಎದ್ದು ಬಂದು ಅಂಗೈ ಚಾಚಿದ.

"ಕೊಡಲ್ಲ ಕಣಯ್ಯಾ," ಎಂದ ಶ್ರೀನಾಥ, ಕನ್ನಡದಲ್ಲೇ. ಅಭ್ಯಾಸಬಲದಿಂದ "ಸುಮಿಮಾಸೆನ್" ಎಂದು ಜಪಾನಿಯಲ್ಲಿ ಕ್ಷಮೆಯನ್ನೂ ಕೇಳಿ ಬಾಗಿದ. ಮುಷ್ಟಿ ಮಾತ್ರ ಬಿಚ್ಚಲಿಲ್ಲ.