ದೊನ್ ಎಲ್ಪಿಡಿಯೊ ಅವರ ದೊಮಿನೊ ಏಟು

ಸರ್ಪಸುತ್ತು ವಾಸಿಯಾಗಿ ವರ್ಷ ಕಳೆದರೂ ದೊನ್ ಎಲ್ಪಿಡಿಯೊ ಅವರ ಬಲಭುಜದ ಉರಿ ಮಾತ್ರ ಹೋಗಿರಲಿಲ್ಲ. ಸಾಂತಿಯಾಗೊದ ಆಸ್ಪತ್ರೆಯಲ್ಲಿ ನರದ ನೋವಿಗೆ ಹೊಸ ಮಾತ್ರೆಯ ಪ್ರಯೋಗ ನಡೆದಿತ್ತು. ಅದಕ್ಕೆ ಸೇರಿದ ಅವರಂಥ ಮುದುಕರಿಗೆ ಡಾಕ್ಟರ್ ಯೊಕಾಸ್ತಾ ಪ್ರತಿ ಸೋಮವಾರ ಕಾಫಿ ಕೊಟ್ಟು ಕೇಳುತ್ತಿದ್ದಳು:

"ಹತ್ತಕ್ಕೆ ನೋವೆಷ್ಟು ತಾತ?"

"ದೇವರ ದಯೆ, ಎರಡು ಕಣಮ್ಮ."

ಎಲ್ಲರದ್ದೂ ಎರಡೇ! ಅರ್ಧ ಜನ ನುಂಗುತ್ತಿದ್ದುದು ಹೋಲಿಸಿ ನೋಡಲೆಂದು ಕೊಟ್ಟ ಬರೀ ಸಕ್ಕರೆ ಮಾತ್ರೆ. ಅವರಿಗೂ ಗುಣವಾಗುವುದೆಂದರೇನು? ಯೊಕಾಸ್ತಾಗೆ ತಲೆ ಕೆಟ್ಟುಹೋಯಿತು.

ಶನಿವಾರ ಮೂಲೆಯಂಗಡಿಯ ಮುಂದೆ ಚುಕ್ಕೆಬಿಲ್ಲೆಗಳ ದೊಮಿನೊ ಆಟ ನಡೆದಿತ್ತು. ಆ ಊರಲ್ಲಿ ಮೇಜು ನಡುಗುವಂತೆ ಬಿಲ್ಲೆ ಕುಟ್ಟದವನು ಆಟಗಾರನೇ ಅಲ್ಲ. ದೊನ್ ಎಲ್ಪಿಡಿಯೊ ಮಾತ್ರ ಮೊಟ್ಟೆ ಇಟ್ಟಂತೆ ಮೆಲ್ಲಗೆ ಇಡುತ್ತಿದ್ದರು. ಆ ದಾರಿಯಲ್ಲಿ ಹೋಗುತ್ತಿದ್ದ ಯೊಕಾಸ್ತಾ ಅದನ್ನು ಕಂಡು ನಿಂತಳು.

"ಏನ್ ತಾತ, ನೋವು ಎರಡೇ ಅಂದಿದ್ರಿ?"

"ಎಂಟು ಕಣಮ್ಮ. ನಿನ್ ಕಾಫಿ ಕುಡ್ದು ನಿನ್ ಮುಖಕ್ಕೇ ಗುಣ ಆಗಿಲ್ಲ ಅನ್ನೋಕೆ ನಂಗೇನ್ ಮರ್ಯಾದೆ ಇಲ್ವಾ?"

ಬಾಯಿ ಸುಳ್ಳು ಹೇಳಿದರೂ ಬಿಲ್ಲೆಯ ಏಟು ಹೇಳದಲ್ಲ, ಅಂದಿನಿಂದ ಆಸ್ಪತ್ರೆಯ ಕೋಣೆಗೂ ದೊಮಿನೊ ಮೇಜು ಬಂತು. ಮೊದಲು ಆಟ, ಆಮೇಲೆ ಪ್ರಶ್ನೆ, ಕಾಫಿ ಕಟ್ಟಕಡೆಗೆ.

ಎರಡು ತಿಂಗಳ ಮೇಲೆ ಒಂದು ಸೋಮವಾರ ದೊನ್ ಎಲ್ಪಿಡಿಯೊ ಕೈಯೆತ್ತಿ ಕೊನೆಯ ಬಿಲ್ಲೆ ಕುಟ್ಟಿದ ರಭಸಕ್ಕೆ ನರ್ಸ್ ಬೆಚ್ಚಿಬಿದ್ದಳು. ಯೊಕಾಸ್ತಾ ನಗು ತಡೆದುಕೊಂಡು ಪೆನ್ನು ಹಿಡಿದಳು.

"ನೋವೆಷ್ಟು ತಾತ?"

ತಾತ ಗಬಕ್ಕನೆ ಭುಜ ಹಿಡಿದುಕೊಂಡರು. "ಒಂಬತ್ತು ಕಣಮ್ಮ! ಪ್ರಾಣ ಹೋಗ್ತಿದೆ!"

"ತಾತಾ!"

"ಮತ್ತೇನಮ್ಮ? ಸೊನ್ನೆ ಅಂದ್ರೆ ಮುಂದಿನ ಸೋಮವಾರ ನನ್ನ ಆಟಕ್ಕೆ ಕರೆಯೋರ್ಯಾರು?"