ನೀರು ಮುಟ್ಟದ ಹೆಂಗಸರು

"ಏಳೇ ಮೇಲೆ, ಮುಂಡೆ! ಉಚ್ಚೆ ಹೊಯ್ಯಕ್ಕೆ ನಿಂಗೆ ಬೇರೆ ಜಾಗ ಸಿಗ್ಲಿಲ್ವಾ?"

ಕಾಫಿ ಗಿಡದ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಭೂತಮ್ಮ ಸೀರೆ ಇಳಿಬಿಟ್ಟು ಎದ್ದಳು. ಹೊರಟಿದ್ದು ನಿಲ್ಲಲಿಲ್ಲ, ಕಾಲಗುಂಟ ಇಳಿಯಿತು. ಆಳುಗಳ ಹಾಜರಿ ಬರೆಯುವ ರೈಟರ್ ಜಯಕುಮಾರ್ ಮೂಗು ಮುಚ್ಚಿಕೊಂಡ. ಅವನ ಹಿಂದೆ ಕಾಲುದಾರಿಯಲ್ಲಿ ಎಸ್ಟೇಟಿನ ಹೋಂಸ್ಟೇಗೆ ಬಂದವರು ಹಣ್ಣಾದ ಕಾಫಿಯ ಫೋಟೊ ತೆಗೆಯುತ್ತಿದ್ದರು.

"ತೋಟದ ತುಂಬ ಗೆಸ್ಟ್‌ಗಳು ಓಡಾಡ್ತಿರ್ತಾರೆ. ಸಾವ್ಕಾರ್ರು ಕಂಡ್ರೆ ನನ್ ಚರ್ಮ ಸುಲೀತಾರೆ. ಬೇಕಾದ್ರೆ ಲೈನಿಗೆ ಹೋಗಿ ಹೊಯ್ಕೊಳ್ರೇ ಎಲ್ರೂ!"

ಕೂಲಿಯವರ ಲೈನ್ ಮನೆಗಳು ಗುಡ್ಡದ ಬುಡದಲ್ಲಿದ್ದವು. ಇಳಿದು ಹತ್ತಿ ಬಂದರೆ ಅರ್ಧ ದಿನದ ಹಾಜರಿ ಹೋಗುತ್ತಿತ್ತು. ಹೆತ್ತೂರಿನ ಆ ಎಸ್ಟೇಟಿನ ಹೆಂಗಸರು ಕೆಲಸಕ್ಕೆ ಹೊರಟ ಮೇಲೆ ನೀರು ಮುಟ್ಟುವುದನ್ನೇ ಬಿಟ್ಟರು. ಗಂಟಲು ಒಣಗಿದರೆ ಎಲೆಯಡಿಕೆ ಅಗಿದರು.

ಮರುವರ್ಷದ ಕೊಯ್ಲಿನ ಹೊತ್ತಿಗೆ ಭೂತಮ್ಮನ ಉಚ್ಚೆ ಕೆಂಪಾಗಿತ್ತು. ಪಕ್ಕೆಗೆ ಚೂರಿ ಹಾಕಿ ತಿರುವಿದಂಥ ನೋವು. ಗಂಡ ಶಿವಯ್ಯ ಎರಡು ಬಸ್ಸು ಬದಲಿಸಿ ದೊಡ್ಡಾಸ್ಪತ್ರೆಗೆ ಕರೆದೊಯ್ದ.

ಮೂತ್ರರೋಗ ವಿಭಾಗದ ಬೆಂಚಿನಲ್ಲಿ ಪಕ್ಕಕ್ಕೆ ಕೂತವಳ ಬೆರಳುಗಳಿಗೂ ಕಾಫಿಯ ಕಪ್ಪು ಹತ್ತಿತ್ತು. ಹೊಂಗಡಹಳ್ಳದ ಶೀಲಾ.

"ಎಸ್ಟೇಟಿಂದಾ ಅಕ್ಕ?"

"ಹೂಂ ಕಣವ್ವ. ನೀನೂವಾ?"

"ನಾನೂವೆ. ಅಗಾ, ಮೂಲೆಲಿ ಮುದುರ್ಕೊಂಡೈತಲ್ಲ, ಅದು ನಮ್ಮತ್ತೆ. ಅದ್ರಾಚೆಗಿರೋರೂ ನಮ್ ಕಡೇರೇ."

ಡಾಕ್ಟರು ಸ್ಕ್ಯಾನ್ ಬೆಳಕಿಗೆ ಹಿಡಿದು ನೋಡಿದರು. "ಒಂದು ಕಿಡ್ನಿ ಹೋಗಿದೆ. ಇನ್ನೊಂದರಲ್ಲೂ ಕಲ್ಲಿದೆ. ತೋಟದ ಕಡೆಯಿಂದ ಬರೋ ಹೆಂಗಸರದ್ದೆಲ್ಲ ಇದೇ ಕಾಯಿಲೆ. ನೀರು ಕುಡೀರಮ್ಮ ಅಂದ್ರೆ ಕುಡಿಯಲ್ಲ."

"ಕುಡುದ್ರೆ ಎಲ್ಲಿ ಹೊಯ್ಲಿ ಸಾ?"

ಡಾಕ್ಟರು ಬರೆಯುತ್ತಲೇ ಇದ್ದರು. "ನೆಕ್ಸ್ಟ್."

ಮಾರನೆಯ ದಿನ ಶಿವಯ್ಯ ಹೆಂಡತಿಯನ್ನು ಕರೆದುಕೊಂಡು ಸಾವ್ಕಾರ ಪ್ರತಾಪನ ಅಂಗಳದಲ್ಲಿ ಕೈಕಟ್ಟಿ ನಿಂತ.

"ತೋಟದಲ್ಲಿ ಹೆಂಗಸ್ರಿಗೆ ಒಂದು ಕಕ್ಕಸ್ಸು ಕಟ್ಟಿಸ್ಕೊಡಿ ಅಯ್ಯಾ. ಸಾಯ್ತಾ ಅವ್ರೆ."

ಪ್ರತಾಪ ಮೊಬೈಲಿನಿಂದ ತಲೆಯೆತ್ತಲಿಲ್ಲ. "ನಿಮ್ಮಜ್ಜಿ ಕಕ್ಕಸ್ಸು ಕಂಡಿದ್ಲೇನೋ ಶಿವಯ್ಯ?"

ಪಕ್ಕದಲ್ಲಿ ನಿಂತಿದ್ದ ಜಯಕುಮಾರ್ ಕಿಸಕ್ಕನೆ ನಕ್ಕ. ಶಿವಯ್ಯನೂ ಹಲ್ಲು ಬಿಟ್ಟ. ಬೇರೇನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ. ಗಂಡನ ಆ ನಗು ನೋಡಿ ಭೂತಮ್ಮನಿಗೆ ಮೈ ಉರಿದುಹೋಯಿತು.

ಅವಳು ಯಾರನ್ನೂ ಕೇಳಲಿಲ್ಲ. ಅಂಗಳದಾಚೆಯ ಹೋಂಸ್ಟೇಯ ಮೆಟ್ಟಿಲು ಹತ್ತಿದಳು. ಒಳಗೆ ಯಾರೋ "ಏಯ್, ಏಯ್" ಎಂದರು. ಗೆಸ್ಟುಗಳ ಕಕ್ಕಸ್ಸಿಗೆ ನುಗ್ಗಿ ಚಿಲಕ ಹಾಕಿಕೊಂಡಳು.

ಜಯಕುಮಾರ್ ಓಡಿಬಂದು ಬಾಗಿಲಿಗೆ ಒದ್ದ. "ತೆಗಿಯೇ ಲೌಡಿ! ಒಳಗೇನ್ ಮಾಡ್ತಿದೀಯಾ?"

"ಉಚ್ಚೆ ಹೊಯ್ತಾ ಇವ್ನಿ ಕಣೋ, ಬೋಳಿಮಗ್ನೇ!"

ಆದರೆ ಬರಲಿಲ್ಲ. ಬಿಳಿ ಪಿಂಗಾಣಿಯ ಮೇಲೆ ಕುಕ್ಕರಿಸಿ, ಎರಡೂ ಕೈಯಲ್ಲಿ ಗೋಡೆ ಹಿಡಿದು ತಿಣುಕಿದಳು. ಒಂದು ಹನಿ ರಕ್ತ ಬಿತ್ತು. ಇನ್ನೊಂದು ಹನಿ. ಹೊರಗಿನ ಒದೆತಕ್ಕೆ ಚಿಲಕದ ತಿರುಪು ಸಡಿಲವಾಗತೊಡಗಿತ್ತು.